ಹನ್ನೊಂದು ಪದ್ಯಗಳ ಮೊದಲಕ್ಷರ

ಹಳೇ ಹುಬ್ಬಳ್ಳಿ
ತಾ. 3 ಆಗಸ್ಟ 1937

ಸಪ್ತಾಪುರದ ಪಂಡಿತ ಮಡಿವಾಳಪ್ಪ ಚಿಕ್ಕೇರಿಯವರಿಗೆ,

ನಮಸ್ಕಾರ. ಪರಸ್ಪರ ಕ್ಷೇಮ ಕೇಳುವಂಥ ಸಂಬಂಧ ನಮ್ಮ ಎರಡು ಮನೆಗಳ ನಡುವೆ ಉಳಿದಿಲ್ಲ. ಆದ್ದರಿಂದ ಅದನ್ನು ಬಿಟ್ಟು ನೇರವಾಗಿ ವಿಷಯಕ್ಕೆ ಬರುತ್ತೇನೆ.

ನಾನು ನಕಲುಗಾರ ಗುಲಾಬಸಾಬರ ಮಗಳು ಸಿತಾರಾ. 1926ರಲ್ಲಿ ನಿಮ್ಮ ಮನೆಯ ಪಡಸಾಲೆಯಲ್ಲಿ ನಾಲ್ಕು ತಿಂಗಳು ಕೂತು ‘ನೀರಲಯ್ಯನ ಚರಿತೆ’ಯ ತಾಳೆಗರಿಗಳನ್ನು ಒಂದೊಂದಾಗಿ ಓದಿ ಕಾಗದಕ್ಕೆ ಇಳಿಸಿಕೊಟ್ಟವರು ನನ್ನ ಅಬ್ಬಾ. ಎರಡು ವರ್ಷದ ಮೇಲೆ ನೀವು ಅದನ್ನು ಅಚ್ಚು ಹಾಕಿಸಿದಿರಿ. ಅಚ್ಚಾದ ಹಾಳೆಗಳು ರಟ್ಟು ಕಟ್ಟಲು ನಮ್ಮ ಮನೆಗೇ ಬಂದವು. ಆಗ ನನಗೆ ಹದಿನಾಲ್ಕು ವರ್ಷ. ಹಾಳೆ ಮಡಿಚುವ ಕೆಲಸ ನನ್ನದು. ನಿಮ್ಮ ಮುನ್ನುಡಿಯಲ್ಲಿ ‘ಮೂಲದ ಮೂರು ಗರಿಗಳು ನಕಲುಗಾರನ ಕೈಯಲ್ಲಿ ಕಾಣೆಯಾದುವು’ ಎಂದು ಅಚ್ಚಾಗಿತ್ತಲ್ಲ, ಆ ವಾಕ್ಯವನ್ನು ನನ್ನ ಈ ಕೈಯಿಂದ ಐನೂರು ಸಲ ಮಡಿಚಿದ್ದೇನೆ.

ಆ ಒಂದು ವಾಕ್ಯದಿಂದ ಏನಾಯಿತೆಂದು ನಿಮಗೆ ಗೊತ್ತಿರಲಿಕ್ಕಿಲ್ಲ. ಮಠದವರಿರಲಿ, ಪಂಡಿತರಿರಲಿ, ಆಮೇಲೆ ಒಬ್ಬರೂ ಅಬ್ಬಾನ ಕೈಗೆ ಓಲೆ ಕೊಡಲಿಲ್ಲ. ಓಣಿಯಲ್ಲಿ ‘ಗರಿಗಳ್ಳ’ ಎಂಬ ಹೆಸರು ನಿಂತಿತು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು. ಅವರು ಮಾತ್ರ ಹೌದೆಂದೂ ಅನ್ನಲಿಲ್ಲ, ಅಲ್ಲವೆಂದೂ ಅನ್ನಲಿಲ್ಲ. ಇಷ್ಟು ವರ್ಷ ನನಗೆ ಸಿಟ್ಟು ಬರುತ್ತಿದ್ದದ್ದು ನಿಮಗಿಂತ ಹೆಚ್ಚು ಅವರ ಮೇಲೆಯೇ.

ಈಗ ಅವರಿಗೆ ಕಣ್ಣಿಲ್ಲ. ಎದೆಯಲ್ಲಿ ಉಬ್ಬಸ. ದಿನಾ ಮಧ್ಯಾಹ್ನ ನಿಮ್ಮ ಪುಸ್ತಕವನ್ನೇ ಓದು ಎನ್ನುತ್ತಾರೆ, ಅದರಲ್ಲೂ ಆರನೆಯ ಸಂಧಿಯನ್ನು. ನಾನು ಓದುವಾಗ ಅವರು ಮಂಚದ ಪಟ್ಟಿಗೆ ಬೆರಳು ಬಡಿಯುತ್ತಾರೆ. ಪದ್ಯ ಓದುವವರೆಲ್ಲ ತಾಳ ಹಾಕುತ್ತಾರೆ, ಅದು ವಿಶೇಷವಲ್ಲ. ಆದರೆ ಇವರು ಒಂದು ಪದ್ಯಕ್ಕೆ ಒಂದೇ ಸಲ, ಅದೂ ಮೊದಲನೆಯ ಅಕ್ಷರ ನನ್ನ ಬಾಯಿಂದ ಬೀಳುತ್ತಿದ್ದಂತೆ ಬಡಿದು ಸುಮ್ಮನಾಗುತ್ತಾರೆ. ಮೊನ್ನೆ ನಾನು ಆ ಅಕ್ಷರಗಳನ್ನು ಮಾತ್ರ ಚೀಟಿಯಲ್ಲಿ ಬರೆದುಕೊಂಡೆ. ಹದಿನಾಲ್ಕನೆಯ ಪದ್ಯದಿಂದ ಓದಿ ನೋಡಿ. ಗು, ಲಾ, ಬ, ಸಾ, ಬ.

ಮುನ್ನೂರು ವರ್ಷದ ಹಿಂದಿನ ಕವಿಗೆ ನಮ್ಮ ಅಬ್ಬಾನ ಹೆಸರು ಹೇಗೆ ಗೊತ್ತಾಯಿತು ಪಂಡಿತರೆ? ಆ ಪದ್ಯಗಳು ನನ್ನ ತಂದೆಯವು. ಗರಿಗಳು ಅವರ ಕೈಗೆ ಬರುವ ಮೊದಲೇ ಕಾಣೆಯಾಗಿದ್ದವು, ಆ ಕಂಡಿಯನ್ನು ಅವರು ತುಂಬಿದರು.

ಪುಸ್ತಕ ಕಾಲೇಜಿಗೆ ಪಠ್ಯವಾಗಿದೆಯೆಂದೂ ಎರಡನೆಯ ಮುದ್ರಣ ಬರುತ್ತಿದೆಯೆಂದೂ ಕೇಳಿದೆ. ನಾನು ನಿಮ್ಮಲ್ಲಿ ಬೇರೇನೂ ಬೇಡುವುದಿಲ್ಲ. ಆ ಹಾಳು ವಾಕ್ಯ ಹೋಗಬೇಕು, ಅದರ ಜಾಗದಲ್ಲಿ ಗುಲಾಬಸಾಬ ಗರಿ ಕದ್ದಿಲ್ಲ ಎಂದು ಅಚ್ಚಾಗಬೇಕು. ಅದನ್ನು ಅವರ ಕಿವಿಗೆ ಓದಿ ಹೇಳುವಷ್ಟು ದಿನ ಅವರು ಇದ್ದರೆ ಸಾಕು.

ಸಿತಾರಾ

*

ಸಪ್ತಾಪುರ, ಧಾರವಾಡ
ತಾ. 9 ಆಗಸ್ಟ 1937

ಸಿತಾರಾ ಕೋಂ ಹುಸೇನಬಾಷಾ, ಇವರಿಗೆ,

ನಿಮ್ಮ ಪತ್ರ ತಲುಪಿತು. ಅದಕ್ಕೆ ಉತ್ತರದ ಯೋಗ್ಯತೆ ಇದೆಯೆಂದಲ್ಲ, ಉತ್ತರಿಸದಿದ್ದರೆ ಒಪ್ಪಿಕೊಂಡಂತೆ ಎಂದು ಭಾವಿಸುವ ಜನ ನೀವೆಂದು ಬರೆಯುತ್ತಿದ್ದೇನೆ.

ಪದ್ಯಗಳ ಆದ್ಯಕ್ಷರಗಳಲ್ಲಿ ಹೆಸರನ್ನು ಹುದುಗಿಸುವುದು ಪ್ರಾಚೀನ ಕವಿಗಳ ಚಮತ್ಕಾರ. ಹತ್ತಾರು ಶಾಸ್ತ್ರ ಅರೆದು ಕುಡಿದವರ ಆಟ ಅದು. ರಟ್ಟಿಗೆ ಅಂಟು ಬಳಿಯುವವರ ಆಟವಲ್ಲ. ಹುಡುಕುವ ಚಟ ಹತ್ತಿದವರಿಗೆ ಪಂಚಾಂಗದಲ್ಲಿಯೂ ಅಪ್ಪನ ಹೆಸರು ಸಿಕ್ಕೀತು.

ನೀವು ಉಲ್ಲೇಖಿಸಿದ ಭಾಗ ಆ ಕಾವ್ಯದ ಕಳಶಪ್ರಾಯ. ‘ತುಂಬಿದೀ ಕೆರೆಯೊಡಲಿನೊಳಗಿಹ ಬಿಂಬವಾರಿಗೆ ಕಾಂಬುದೆಲೆ ಗುರು’ ಎಂಬ ನುಡಿಯನ್ನು ಕುರಿತು, ಇಂಥ ಮಾತು ಈ ಕಾಲದವರ ಲೇಖನಿಯಿಂದ ಬರಲಾರದೆಂದು ನಾನು ಮುನ್ನುಡಿಯಲ್ಲಿ ಬರೆದಿದ್ದೇನೆ. ವಿದ್ವಾಂಸರು ಒಪ್ಪಿದ್ದಾರೆ. ಅದನ್ನು ಹಳೇ ಹುಬ್ಬಳ್ಳಿಯ ಓಣಿಯಲ್ಲಿ ಹುಟ್ಟಿತು ಎನ್ನುತ್ತೀರಿ.

ಇನ್ನು ಗರಿಗಳ ವಿಷಯ. ಲೆಕ್ಕ ಸರಳ. ನಿಮ್ಮ ತಂದೆಯ ನಕಲಿನಲ್ಲಿ ಆ ಪದ್ಯಗಳಿವೆ. ಮಠಕ್ಕೆ ಮೂಲವನ್ನು ಹಿಂದಿರುಗಿಸುವಾಗ ಎಣಿಸಿದರೆ ಆ ಮೂರು ಗರಿ ಮಾತ್ರ ಇಲ್ಲ. ಎಂದರೆ ನಕಲು ಮಾಡುವಾಗ ಇದ್ದವು, ಆಮೇಲೆ ಹೋದವು. ಹಳೆಯ ಓಲೆಗಳನ್ನು ಕೊಳ್ಳುವ ದೊರೆಗಳು ಆಗ ಊರೂರು ತಿರುಗುತ್ತಿದ್ದರು. ನಾನು ನಿಮ್ಮ ತಂದೆಯನ್ನು ಎದುರಿಗೆ ನಿಲ್ಲಿಸಿ ಮೂರು ಸಲ ಕೇಳಿದೆ. ಆತ ತಲೆ ತಗ್ಗಿಸಿ ನಿಂತ. ನಿರಪರಾಧಿ ಹಾಗೆ ನಿಲ್ಲುವುದಿಲ್ಲ. ಪೋಲೀಸರಿಗೆ ಹೇಳದೆ ಒಂದು ವಾಕ್ಯದಲ್ಲಿ ಮುಗಿಸಿದ್ದು ನನ್ನ ದೊಡ್ಡತನ.

ಎರಡನೆಯ ಮುದ್ರಣದಲ್ಲಿಯೂ ಆ ವಾಕ್ಯ ಇರುತ್ತದೆ.

ಮ. ಚಿಕ್ಕೇರಿ

*

ಹಳೇ ಹುಬ್ಬಳ್ಳಿ
ತಾ. 16 ಆಗಸ್ಟ 1937

ಪಂಡಿತರಿಗೆ,

ನಿಮ್ಮ ದೊಡ್ಡತನದ ಕಾಗದ ಬಂತು. ಓದಿ ಅಬ್ಬಾನಿಗೆ ಹೇಳಲಿಲ್ಲ. ಅಂಟು ಬಳಿಯುವವರೆಂದು ಬರೆದಿದ್ದೀರಿ. ನಿಜ, ನಾವು ಬಳಿಯದಿದ್ದರೆ ನಿಮ್ಮ ವಿದ್ವತ್ತೆಲ್ಲ ಹಾಳೆ ಹಾಳೆಯಾಗಿ ಗಾಳಿಗೆ ಹೋಗುತ್ತಿತ್ತು.

ಈ ಅಂಟಿನವಳು ಸಾಲೆಯ ಮುಲ್ಕಿ ಪರೀಕ್ಷೆ ಪಾಸು ಮಾಡಿದ್ದಾಳೆ. ಷಟ್ಪದಿ ಅಂದರೇನೆಂದು ಅಬ್ಬಾ ಕೂಡಿಸಿಕೊಂಡು ಕಲಿಸಿದ್ದಾರೆ. ಆರೂ ಸಾಲುಗಳ ಎರಡನೆಯ ಅಕ್ಷರ ಒಂದೇ ಆಗಿರಬೇಕು. ತುಂಬಿ ಎಂದು ಶುರುವಾದರೆ ಮುಂದಿನ ಸಾಲು ಬಿಂಬ ಎಂದೋ ಕಂಬ ಎಂದೋ ಬರಬೇಕು. ನೀವು ಪಂಡಿತರೆಲ್ಲ ಆ ಎರಡನೆಯ ಅಕ್ಷರಕ್ಕೆ ಕಾವಲು ಕೂತವರು. ಅದು ಕದಲಿದರೆ ಬೊಬ್ಬೆ ಹಾಕುತ್ತೀರಿ. ಮೊದಲನೆಯ ಅಕ್ಷರವನ್ನು ಯಾರೂ ನೋಡುವುದಿಲ್ಲ. ಇಪ್ಪತ್ತು ವರ್ಷ ನಿಮ್ಮಂಥವರಿಗೆ ನಕಲು ಮಾಡಿಕೊಟ್ಟವರಿಗೆ ಇದು ಗೊತ್ತಿತ್ತು. ಹಿತ್ತಿಲ ಬಾಗಿಲಿಗೆ ಕಾವಲಿಟ್ಟು ಮುಂಬಾಗಿಲು ತೆರೆದಿಟ್ಟ ಮನೆಯಲ್ಲಿ ಏನು ಬೇಕಾದರೂ ಇಟ್ಟು ಬರಬಹುದು.

ಐದು ಅಕ್ಷರ ಸಿಕ್ಕಿದ್ದು ಅಕಸ್ಮಾತ್ತು ಎಂದಿರಿ. ನಾನು ನಿನ್ನೆ ಮತ್ತೆ ಓದಿದೆ. ಈ ಸಲ ಅಬ್ಬಾನ ಬೆರಳಿನ ಮೇಲೆಯೇ ಕಣ್ಣಿಟ್ಟಿದ್ದೆ. ಬೆರಳು ಐದಕ್ಕೆ ನಿಲ್ಲಲಿಲ್ಲ. ಹನ್ನೊಂದು ಸಲ ಬಡಿಯಿತು, ಇಪ್ಪತ್ತನಾಲ್ಕನೆಯ ಪದ್ಯ ಮುಗಿದ ಮೇಲೆ ಕೈಯನ್ನು ಎದೆಯ ಮೇಲೆ ಇಟ್ಟುಕೊಂಡರು. ಮುಂದಿನ ಆರು ಅಕ್ಷರ ಇವು: ಮಾ, ತು, ದೇ, ವ, ಕ, ಗೆ. ಎಲ್ಲ ಕೂಡಿಸಿದರೆ ‘ಗುಲಾಬಸಾಬ ಮಾತು ದೇವಕಗೆ’. ಮೂರು ಗರಿಗೆ ಹನ್ನೊಂದು ಪದ್ಯ ಸರಿಯಾಗಿ ಕೂಡುತ್ತದೆಂದು ನೀವೇ ಬಲ್ಲಿರಿ.

ಅಬ್ಬಾ ಯಾರಿಗೋ ಮಾತು ಕೊಟ್ಟಿದ್ದರು. ಅದಕ್ಕೇ ನಿಮ್ಮೆದುರು ತಲೆ ತಗ್ಗಿಸಿ ನಿಂತರು. ಈ ದೇವಕ ಯಾರು? ನಮ್ಮ ಬಳಗದಲ್ಲಿ ಆ ಹೆಸರಿಲ್ಲ. ಅಬ್ಬಾನನ್ನು ಕೇಳಿದೆ. ಅವರು ಗೋಡೆಯ ಕಡೆಗೆ ಹೊರಳಿ ಮಲಗಿದರು. ‘ಸಂಬಂಧ ಇಲ್ಲದ ಮಾತು ತಗೀಬ್ಯಾಡ’ ಎಂದು ಅಷ್ಟೇ ಅಂದರು.

ಅವರು ಹೇಳುವುದಿಲ್ಲ. ನೀವಾದರೂ ಹೇಳಿ. ನಿಮ್ಮ ಮನೆಯಲ್ಲಿ, ನಿಮ್ಮ ಆಳುಕಾಳಿನಲ್ಲಿ, ಆಗ ದೇವಕ ಎಂಬವರು ಯಾರಿದ್ದರು?

ಸಿತಾರಾ

*

ಸಪ್ತಾಪುರ, ಧಾರವಾಡ
ತಾ. 2 ಅಕ್ಟೋಬರ 1937

ಸಿತಾರಾಬಾಯಿಯವರಿಗೆ,

ಮನೆಯ ತಾಪತ್ರಯದಿಂದ ಉತ್ತರ ತಡವಾಯಿತು.

ನೀವು ಹೇಳುವಂತೆ ಆ ಪದ್ಯಗಳು ನಿಮ್ಮ ತಂದೆಯವೇ ಎಂದು ವಾದಕ್ಕೆ ಇಟ್ಟುಕೊಳ್ಳೋಣ. ಹಾಗಾದರೆ ಆತ ಪವಿತ್ರ ಚರಿತೆಯೊಳಗೆ ಖೋಟಾ ಪದ್ಯಗಳನ್ನು ಸೇರಿಸಿ, ಮೂಲದ್ದೆಂದು ನನ್ನ ಕೈಗೆ ಕೊಟ್ಟವನಾಗುತ್ತಾನೆ. ಮಠದವರಿಗೆ ಇದು ತಿಳಿದರೆ ಅವರು ಸುಮ್ಮನಿರುವವರಲ್ಲ. ಕಣ್ಣಿಲ್ಲದ ಮುದುಕನನ್ನು ಕಚೇರಿಯ ಮೆಟ್ಟಿಲು ಹತ್ತಿಸುವ ಇಚ್ಛೆ ಮಗಳಾದ ನಿಮಗೆ ಇದ್ದರೆ ಮುಂದುವರಿಯಬಹುದು. ಕಳ್ಳನೆಂಬ ಹೆಸರನ್ನು ಅಳಿಸಿ ಖೋಟಾಗಾರನೆಂಬ ಹೆಸರನ್ನು ಬರೆಸುವುದರಲ್ಲಿ ನಿಮಗೆ ಯಾವ ಲಾಭವೋ ನನಗೆ ತಿಳಿಯದು.

ಇನ್ನೊಂದು ಮಾತು. ನಿಮ್ಮ ಹಿಂದಿನ ಪತ್ರದ ಕೊನೆಯಲ್ಲಿ ಬರೆದ ಆ ಹೆಸರನ್ನು ಮುಂದೆ ಯಾವ ಕಾಗದದಲ್ಲಿಯೂ ಬರೆಯಕೂಡದು, ಯಾರೊಡನೆಯೂ ಆಡಕೂಡದು. ಆ ಪತ್ರವನ್ನು ನಾನು ಸುಟ್ಟಿದ್ದೇನೆ. ನಿಮ್ಮಲ್ಲಿ ಅಕ್ಷರಗಳನ್ನು ಬರೆದುಕೊಂಡ ಚೀಟಿ ಇದ್ದರೆ ಅದನ್ನೂ ಸುಡುವುದು ಲೇಸು.

ನಿಮ್ಮ ತಂದೆಯ ಉಬ್ಬಸಕ್ಕೆ ಆಡುಸೋಗೆಯ ಕಷಾಯ ಒಳ್ಳೆಯದು.

ಮ. ಚಿಕ್ಕೇರಿ

*

ಹಳೇ ಹುಬ್ಬಳ್ಳಿ
ತಾ. 20 ಅಕ್ಟೋಬರ 1937

ಪಂಡಿತರಿಗೆ,

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ನಾನು ಹೆಸರು ಕೇಳಿದೆ, ನೀವು ಕಾಗದ ಸುಟ್ಟಿರಿ. ಏನೋ ಇದೆಯೆಂದು ಆಗಲೇ ತಿಳಿಯಿತು. ಏನೆಂದು ತಿಳಿದದ್ದು ಮಾತ್ರ ಹಬ್ಬದ ಮರುದಿನ.

ದಸರೆಗೆ ನೀವು ಗದಗಿನಲ್ಲಿ ಭಾಷಣ ಮಾಡುತ್ತಿದ್ದಿರಿ. ಇಲ್ಲಿ ನಮ್ಮ ಓಣಿಯ ಬಾಯಿಗೆ ಒಂದು ಟಾಂಗಾ ಬಂದು ನಿಂತಿತು. ಕೆಲಗೇರಿಯಿಂದ ನಿಮ್ಮ ಮನೆಗೆ ಹಾಲು ಮಾರಲು ಬರುವ ಫಕೀರವ್ವ ಮೊದಲು ಇಳಿದಳು. ಅವಳ ಕೈ ಹಿಡಿದು ಒಬ್ಬ ಹಣ್ಣು ಮುದುಕಿ ಇಳಿದರು. ಸೆರಗಿನ ತುದಿಯಲ್ಲಿ ಬನ್ನಿಯ ಎಲೆ ಕಟ್ಟಿಕೊಂಡಿದ್ದರು. ನಾನು ಚಿಕ್ಕವಳಿದ್ದಾಗ ಅಬ್ಬಾನ ಜೊತೆ ರೈಲಿನಲ್ಲಿ ನಿಮ್ಮ ಮನೆಗೆ ಬಂದಾಗಲೆಲ್ಲ ಅವರನ್ನು ನೋಡಿದ್ದೆ. ನಿಮ್ಮ ತಾಯಿಯನ್ನು ಎಲ್ಲರೂ ಅವ್ವಾರು ಎನ್ನುತ್ತಿದ್ದರು. ಅವರಿಗೂ ಒಂದು ಹೆಸರಿರುತ್ತದೆಂದು ನನಗೆ ಹೊಳೆದೇ ಇರಲಿಲ್ಲ.

ಅವರು ಹೊಸ್ತಿಲ ಹೊರಗೆ ನಿಲ್ಲಲಿಲ್ಲ. ನೇರ ಒಳಗೆ ಬಂದು ಅಬ್ಬಾನ ಮಂಚದ ಹತ್ತಿರ ನೆಲದ ಮೇಲೆ ಕೂತರು. ಅಬ್ಬಾನ ಅಂಗೈಯಲ್ಲಿ ಬನ್ನಿ ಇಟ್ಟು ಹೇಳಿದರು: ‘ಗುಲಾಬಾ, ನಾ ದೇವಕ್ಕ ಬಂದೇನಪಾ. ಆವತ್ತ ನಿನ್ನ ಕಡೆ ತಗೊಂಡ ಮಾತು ಇವತ್ತ ತಿರುಗಿ ಕೊಡ್ತೇನಿ. ಇನ್ನ ಹೇಳಿಬಿಡು.’

ಅಬ್ಬಾ ಎದ್ದು ಕೂಡಲು ನೋಡಿದರು, ಆಗಲಿಲ್ಲ. ‘ಹೇಳೂದೇನ ಉಳದೈತ್ರಿ ಅವ್ವಾರ,’ ಅಂದರು. ‘ಬರದಬಿಟ್ಟೇನಲ್ರಿ.’

‘ಕ್ಕ’ ಎಂದು ಯಾವ ಪದ್ಯವೂ ಶುರುವಾಗದು, ಅದಕ್ಕೇ ಅಬ್ಬಾ ‘ದೇವಕ’ ಎಂದು ಬರೆದಿದ್ದರು. ಆಮೇಲೆ ದೇವಕ್ಕನವರೇ ನನಗೆ ಎಲ್ಲ ಹೇಳಿದರು. ಅಂಚು ಮುರಿದು, ಹುಳ ತಿಂದು, ಓದಲು ಕಷ್ಟವಾಗಿ ಇನ್ನೂ ನಕಲಾಗದೆ ಉಳಿದಿದ್ದ ಮೂರು ಗರಿಗಳನ್ನು ಅಬ್ಬಾ ಎಣ್ಣೆ ಸವರಿ ಮೆತ್ತಗೆ ಮಾಡಲೆಂದು ಕೆಂಪು ಅರಿವೆಯಲ್ಲಿ ಸುತ್ತಿ ಬೇರೆ ಇಟ್ಟಿದ್ದರಂತೆ. ನಿಮ್ಮ ಮನೆಯ ಪದ್ಧತಿ ನಿಮಗೆ ಗೊತ್ತು. ಜೀರ್ಣವಾದ ಓಲೆ ಮನೆಯಲ್ಲಿ ಉಳಿಯಬಾರದು, ಮಹಾನವಮಿಯ ಪುಸ್ತಕ ಪೂಜೆ ಮುಗಿಸಿ ಗಂಗೆಗೆ ಒಪ್ಪಿಸಬೇಕು. ಓದು ಬಾರದ ಆ ತಾಯಿ, ಬೇರೆ ಇಟ್ಟದ್ದು ನೀರಿಗೆ ಬಿಡಲೆಂದೇ ಅಂದುಕೊಂಡು, ಅರಿಷಿಣ ಕುಂಕುಮ ಹಾಕಿ ಕೆಲಗೇರಿ ಕೆರೆಗೆ ಬಿಟ್ಟು ಬಂದರು. ಅಬ್ಬಾನಿಗೆ ಆಕೆಯ ಮೇಲೆ ಸಿಟ್ಟೇ ಬರಲಿಲ್ಲವಂತೆ. ನಮ್ಮಲ್ಲಿಯೂ ಹರಿದ ಕುರಾನಿನ ಹಾಳೆಯನ್ನು ಕಾಲಿಗೆ ಸಿಗದಂತೆ ನೀರಿಗೋ ಮಣ್ಣಿಗೋ ಒಪ್ಪಿಸುತ್ತೇವೆ. ಆಕೆ ಮಾಡಿದ್ದು ಭಕ್ತಿಯ ಕೆಲಸ, ಅದರ ತಪ್ಪು ತನ್ನದೇ, ಬೇರೆ ಇಟ್ಟದ್ದು ಏಕೆಂದು ಹೇಳಬೇಕಾಗಿತ್ತು ಎಂದು ಅವರು ತಿಳಿದರು.

ಮಗನಿಗೆ ಹೇಳಬೇಡ ಎಂದು ಆಕೆ ಆಣೆ ಹಾಕಿದರು. ಅಬ್ಬಾ ಮಾತು ಕೊಟ್ಟರು. ಎಂಟು ದಿನ, ನೀವು ಸಾಲೆಗೆ ಹೋದ ಮೇಲೆ, ಆ ಪಡಸಾಲೆಯಲ್ಲಿ ಇಬ್ಬರೂ ಕೂತು ಹನ್ನೊಂದು ಪದ್ಯ ಕಟ್ಟಿದ್ದಾರೆ. ಕತೆ ದೇವಕ್ಕನವರಿಗೆ ಪುರಾಣ ಕೇಳಿ ಬಾಯಿಪಾಠ. ಅವರು ಕತೆ ಹೇಳುತ್ತಿದ್ದರು, ಅಬ್ಬಾ ಷಟ್ಪದಿಯಲ್ಲಿ ಕೂಡಿಸಿ ಓದಿ ತೋರಿಸುತ್ತಿದ್ದರು. ಈ ಕಾಲದವರ ಲೇಖನಿಯಿಂದ ಬರಲಾರದೆಂದಿರಲ್ಲ, ಅರ್ಧ ನಿಮ್ಮ ತಾಯಿಯ ಬಾಯಿಂದ ಬಂದದ್ದು.

ಇಷ್ಟು ವರ್ಷ ಏಕೆ ಸುಮ್ಮನಿದ್ದಿರಿ ಎಂದು ನಾನು ಒರಟಾಗಿಯೇ ಕೇಳಿದೆ. ‘ಹೆದರಿದ್ನಿ ತಂಗಿ. ಮಗನ ಸಿಟ್ಟಿಗೆ ಹೆದರಿದ್ನಿ,’ ಅಂದರು. ಮತ್ತೆ ಅಂದರು: ‘ಶ್ರಾವಣದಾಗ ಅಂವನ ಬಂದ ಕೇಳಿದ. ಎಲ್ಲಾ ಹೇಳಿದ್ನಿ. ಹೇಳಿದ ಮ್ಯಾಲೂ ಅಂವ ಸುಮ್ಮನ ಕುಂತ. ಅದಕ್ಕ ನಾನ ಬಂದೆ.’

ಶ್ರಾವಣ ಎಂದರೆ ದೇವಕ ಯಾರೆಂದು ಕೇಳಿದ ನನ್ನ ಕಾಗದ ಮುಟ್ಟಿದ ದಿನಗಳು. ಎಂದರೆ ಅಬ್ಬಾನನ್ನು ಕಚೇರಿಗೆ ಎಳೆಯುತ್ತೇನೆಂದು ಬೆದರಿಸಿ ಬರೆಯುವಾಗ ನಿಮಗೆ ಎಲ್ಲ ತಿಳಿದಿತ್ತು. ಕಷಾಯದ ಸಲಹೆ ಕೊಡುವಾಗಲೂ ತಿಳಿದಿತ್ತು. ಇಷ್ಟು ದಿನ ನಿಮ್ಮನ್ನು ಸಿಟ್ಟಿನ ಮನುಷ್ಯ ಎಂದುಕೊಂಡಿದ್ದೆ. ಈಗ ನಿಮ್ಮನ್ನು ಕಂಡರೆ ಹೇಸಿಗೆ.

ವಾಕ್ಯ ಬದಲಾಗಬೇಕು. ಬೇಗ. ಅವರ ಉಸಿರು ದಿನದಿನಕ್ಕೆ ಗಿಡ್ಡವಾಗುತ್ತಿದೆ.

ಸಿತಾರಾ

*

ಸಪ್ತಾಪುರ, ಧಾರವಾಡ
ತಾ. 25 ಅಕ್ಟೋಬರ 1937

ಸಿತಾರಾ ಕೋಂ ಹುಸೇನಬಾಷಾ, ಇವರಿಗೆ,

ನಮ್ಮ ತಾಯಿಯವರಿಗೆ ಎಂಬತ್ತು ದಾಟಿದೆ. ನಿನ್ನೆಯದು ಇಂದಿಗೆ ನೆನಪಿರುವುದಿಲ್ಲ. ಅಂಥವರನ್ನು ರೈಲು ಹತ್ತಿಸಿ ಕರೆಸಿಕೊಂಡು, ಬೇಕಾದ ಮಾತನ್ನು ಅವರ ಬಾಯಿಂದ ಆಡಿಸಿದ್ದೀರಿ. ಫಕೀರವ್ವನಿಗೆ ಇನ್ನು ನಮ್ಮ ಮನೆಯ ಬಾಗಿಲಿಲ್ಲ.

ಈ ಮನೆತನದಲ್ಲಿ ನಾಲ್ಕು ತಲೆಮಾರು ಓಲೆಗಳನ್ನು ಕಾಯ್ದುಕೊಂಡು ಬಂದಿದ್ದೇವೆ. ಓಲೆಯನ್ನು ಕೆರೆಗೆ ಎಸೆದ ಮನೆ ಎಂದು ನಾಳೆ ಯಾರೂ ಬೆರಳು ತೋರಿಸುವಂತಾಗಕೂಡದು.

ಮುನ್ನುಡಿಯ ವಾಕ್ಯವನ್ನು ತೆಗೆದುಹಾಕಿಸುತ್ತೇನೆ. ಅದರ ಜಾಗದಲ್ಲಿ ಏನೂ ಇರುವುದಿಲ್ಲ. ಇದು ನನ್ನ ತಾಯಿಯ ಮುಖ ನೋಡಿ ಮಾಡಿದ್ದು. ಇಲ್ಲಿಗೆ ಪತ್ರವ್ಯವಹಾರ ಮುಗಿಯಿತು.

ಮ. ಚಿಕ್ಕೇರಿ

*

ಹಳೇ ಹುಬ್ಬಳ್ಳಿ
ತಾ. 18 ಫೆಬ್ರುವರಿ 1938

ಪಂಡಿತರಿಗೆ,

ಮುಗಿಯಿತೆಂದು ನೀವು ಬರೆದಿರಿ. ನಾನೂ ಹಾಗೇ ಅಂದುಕೊಂಡಿದ್ದೆ. ನಿಮ್ಮ ಆ ಕಾಗದವನ್ನು ಅಬ್ಬಾನಿಗೆ ಓದಿ ಹೇಳಿದ್ದೆ. ಎಲ್ಲ ಅಲ್ಲ, ವಾಕ್ಯ ತೆಗೆಸುತ್ತೇನೆಂಬುದನ್ನಷ್ಟೇ. ‘ತಗೀತಾರಂತೇನು? ಛಲೋ ಆತು’ ಎಂದರು. ಜಾಗದಲ್ಲಿ ಏನು ಬರುತ್ತದೆಂದು ಕೇಳಲಿಲ್ಲ. ‘ಪದ್ಯಾ ಅದಾವಲ್ಲ’ ಎಂದು ಮಾತ್ರ ಒಮ್ಮೆ ಕೇಳಿದರು. ‘ಅದಾವ ಅಬ್ಬಾ, ಎಲ್ಲಿ ಹೊಕ್ಕಾವ,’ ಎಂದೆ. ಜನವರಿ ಹನ್ನೆರಡಕ್ಕೆ ತೀರಿಕೊಂಡರು.

ಮೊನ್ನೆ ಪ್ರೆಸ್ಸಿನಿಂದ ಎರಡನೆಯ ಮುದ್ರಣದ ಹಾಳೆಗಳು ಹೊಲಿಯಲು ಬಂದವು. ಹುಬ್ಬಳ್ಳಿಯಲ್ಲಿ ಅಚ್ಚಾಗುವ ಪುಸ್ತಕಕ್ಕೆ ನಮ್ಮ ಮನೆಯ ಸೂಜಿಯೇ ಎಂಬುದನ್ನು ನೀವು ಮರೆತಿರಿ. ಅಥವಾ ಹೊಲಿಯುವವರು ಓದುವುದಿಲ್ಲ ಎಂದುಕೊಂಡಿರಿ.

ವಾಕ್ಯ ತೆಗೆದಿದ್ದೀರಿ, ಮಾತು ಉಳಿಸಿಕೊಂಡಿರಿ. ಆಮೇಲೆ ಆರನೆಯ ಸಂಧಿ ತೆರೆದೆ. ಹನ್ನೊಂದೂ ಪದ್ಯಗಳಿವೆ. ಕಾಲೇಜಿನ ಪಠ್ಯ, ಬಿಡಲು ಬರುವುದಿಲ್ಲ. ಆದರೆ ‘ಗುರುವೆ’ ಎಂದಿದ್ದಲ್ಲಿ ‘ಕರುಣಿ’ ಎಂದಾಗಿದೆ. ‘ಲಾಲಿಸೆಲೆ ಗುರುವೆನ್ನ ಬಿನ್ನಪ’ ಎಂಬುದು ‘ಪಾಲಿಸೆಲೆ ಗುರುವೆನ್ನ ಬಿನ್ನಪ’ ಆಗಿದೆ. ‘ತುಂಬಿದೀ ಕೆರೆ’ ಈಗ ‘ಇಂಬಿನೀ ಕೆರೆ’. ಹನ್ನೊಂದಕ್ಕೆ ಹನ್ನೊಂದೂ ಹೀಗೆ. ಎರಡನೆಯ ಅಕ್ಷರ ಒಂದೂ ಕದಲಿಲ್ಲ, ನಿಮ್ಮ ಶಾಸ್ತ್ರಕ್ಕೆ ಕೂದಲಷ್ಟು ಊನವಿಲ್ಲ. ಮೊದಲನೆಯದು ಒಂದೂ ಉಳಿದಿಲ್ಲ. ಎಷ್ಟು ರಾತ್ರಿ ಕೂತು ತಿದ್ದಿದಿರಿ ಪಂಡಿತರೆ? ಅಬ್ಬಾ ಕಟ್ಟಲು ಎಂಟು ದಿನ ಹಿಡಿದಿತ್ತು.

ಗರಿ ಕದ್ದವರು ಯಾರೂ ಇರಲಿಲ್ಲ. ಅಕ್ಷರ ಕದ್ದವರು ಈಗ ಇದ್ದಾರೆ. ಇದನ್ನು ಕೇಳಲು ಅಬ್ಬಾ ಉಳಿಯಲಿಲ್ಲ, ಅದೊಂದು ಪುಣ್ಯ. ನಾನು ಆ ಹಾಳೆಯ ಮುಂದೆ ಕೂತು ಅತ್ತೆ. ಅವರು ಹೋದ ದಿನವೂ ನಾನು ಹಾಗೆ ಅತ್ತಿರಲಿಲ್ಲ.

ಆ ಹದಿನಾರು ಪುಟಗಳ ಫಾರ್ಮನ್ನು ನಾನು ಹೊಲಿಯಲಿಲ್ಲ. ಐನೂರೂ ಹಾಳೆಗಳನ್ನು ಕೆಂಪು ಅರಿವೆಯಲ್ಲಿ ಗಂಟು ಕಟ್ಟಿದೆ. ನನ್ನ ಗಂಡ ಬೇಡವೆಂದ, ಬಹಳ ಸಲ ಬೇಡವೆಂದ, ಕಡೆಗೆ ಗಂಟನ್ನು ಅವನೇ ಸೈಕಲ್ಲಿಗೆ ಕಟ್ಟಿಕೊಂಡು ನನ್ನ ಜೊತೆ ಉಣಕಲ್ಲ ಕೆರೆಗೆ ಬಂದ. ಹಾಳಾದ ಬರಹ ಮನೆಯಲ್ಲಿ ಇರಬಾರದು, ನೀರಿಗೆ ಬಿಡಬೇಕು ಎಂಬುದು ನಿಮ್ಮ ಮನೆಯದೇ ಪದ್ಧತಿ. ಅರಿಷಿಣ ಕುಂಕುಮ ಮಾತ್ರ ಹಾಕಲಿಲ್ಲ.

ಪ್ರೆಸ್ಸಿನವರಿಗೆ ನಾನೇ ಹೋಗಿ ಹೇಳಿದ್ದೇನೆ. ಇನ್ನು ಅವರು ನನಗೆ ಕೆಲಸ ಕೊಡಲಿಕ್ಕಿಲ್ಲ. ಕಚೇರಿಗೆ ಎಳೆಯುವುದಿದ್ದರೆ ಎಳೆಯಿರಿ. ನಾನು ಅಬ್ಬಾ ಅಲ್ಲ, ಯಾರಿಗೂ ಮಾತು ಕೊಟ್ಟಿಲ್ಲ. ತಲೆ ಎತ್ತಿ ನಿಂತು ಹನ್ನೊಂದೂ ಪದ್ಯ ಓದುತ್ತೇನೆ.

ಸಿತಾರಾ

*

ಸಪ್ತಾಪುರ, ಧಾರವಾಡ
ತಾ. 2 ಏಪ್ರಿಲ 1938

ಸಿತಾರಾಬಾಯಿಯವರಿಗೆ,

ನೀವು ಮಾಡಿದ್ದು ಅಪರಾಧ. ವಕೀಲರು ಹಾಗೆಯೇ ಹೇಳಿದರು, ಫಿರ್ಯಾದಿಯ ಕರಡನ್ನೂ ಬರೆದುಕೊಟ್ಟರು. ಅದು ಇನ್ನೂ ನನ್ನ ಪೆಟ್ಟಿಗೆಯಲ್ಲಿದೆ. ನಿಮ್ಮನ್ನು ಕ್ಷಮಿಸಿದ್ದೇನೆಂದು ತಿಳಿಯಬೇಡಿ.

ಆ ಫಾರ್ಮನ್ನು ಮತ್ತೆ ಅಚ್ಚು ಹಾಕಿಸಬೇಕಾಯಿತು. ಹೊಸ ಹಾಳೆಗಳನ್ನು ಪ್ರೆಸ್ಸಿನವರು ಈ ವಾರ ನಿಮ್ಮಲ್ಲಿಗೇ ಕಳಿಸುತ್ತಾರೆ. ಬೇರೆ ಕಡೆ ಕೊಡುತ್ತೇವೆಂದರು, ನಾನು ಬೇಡವೆಂದೆ. ಆರನೆಯ ಸಂಧಿ ಮೊದಲ ಮುದ್ರಣದಲ್ಲಿ ಇದ್ದಂತೆಯೇ ಇದೆ. ಮುನ್ನುಡಿಯ ಹಾಳೆಯೂ ಹೊಸದು. ಅದರಲ್ಲಿ ಒಂದು ವಾಕ್ಯ ಸೇರಿಸಿದ್ದೇನೆ: ‘ಮೂಲದ ಮೂರು ಗರಿಗಳು ನಮ್ಮ ಮನೆಯಲ್ಲಿ ಕಳೆದುಹೋದುವು, ನಕಲುಗಾರನ ದೋಷವಿಲ್ಲ.’ ಇದಕ್ಕಿಂತ ಹೆಚ್ಚು ಬರೆಯಲಾರೆ. ಪದ್ಯಗಳು ಯಾರವೆಂದು ಬರೆದರೆ ನನ್ನ ಇಪ್ಪತ್ತು ವರ್ಷದ ಕೆಲಸಕ್ಕೆ ಜನ ನಗುತ್ತಾರೆ. ಆ ಧೈರ್ಯ ನನಗಿಲ್ಲ. ಮೊದಲಕ್ಷರ ನೋಡಬಲ್ಲವರು ಮುಂದೆ ಯಾರಾದರೂ ಹುಟ್ಟಿದರೆ ನೋಡಿಕೊಳ್ಳಲಿ.

ಇದು ನಿಮ್ಮ ಬೆದರಿಕೆಗೆ ಅಂಜಿ ಮಾಡಿದ್ದಲ್ಲ. ಏಕೆ ಮಾಡಿದೆನೆಂದು ನಿಮಗೆ ಹೇಳುವ ಅವಶ್ಯಕತೆಯೂ ಇಲ್ಲ. ಆದರೂ ಬರೆಯುತ್ತಿದ್ದೇನೆ.

ಹಾಳೆಗಳು ಹೋದ ಮೇಲೆ ನಾನು ತಿದ್ದಿದ ಪಾಠವನ್ನೇ ಮತ್ತೆ ಕಳಿಸಲು ಪಡಸಾಲೆಯಲ್ಲಿ ಕೂತು ಗಟ್ಟಿಯಾಗಿ ಓದುತ್ತ ಕರಡು ನೋಡುತ್ತಿದ್ದೆ. ನಮ್ಮ ತಾಯಿ ಕಂಬಕ್ಕೆ ಒರಗಿ ಹೂಬತ್ತಿ ಹೊಸೆಯುತ್ತಿದ್ದರು. ನಿಮ್ಮಲ್ಲಿಗೆ ಹೋಗಿ ಬಂದಂದಿನಿಂದ ನನ್ನೊಡನೆ ಮಾತು ಬಿಟ್ಟಿದ್ದರು. ನಾನು ‘ಕರುಣಿ’ ಎಂದು ಓದಿದೆ. ಅವರು ಬತ್ತಿ ಹೊಸೆಯುತ್ತಲೇ ‘ಗುರುವೆ’ ಅಂದರು. ನಾನು ‘ಪಾಲಿಸೆಲೆ’ ಅಂದೆ, ಅವರು ‘ಲಾಲಿಸೆಲೆ’ ಅಂದರು. ಸಾಲೆಯ ಮಕ್ಕಳಿಗೆ ನಾನು ತಪ್ಪು ತಿದ್ದುವ ದನಿಯಲ್ಲಿಯೇ ತಿದ್ದುತ್ತ ಹೋದರು. ನನ್ನ ಪಾಠವೂ ಛಂದಸ್ಸಿಗೆ ಸರಿ, ಅರ್ಥಕ್ಕೂ ಸರಿ ಎಂದು ಅವರಿಗೆ ಹೇಗೆ ಹೇಳುವುದು? ಏಳನೆಯ ಪದ್ಯಕ್ಕೆ ಬಂದಾಗ ಅವರು ಬತ್ತಿ ಕೆಳಗಿಟ್ಟರು.

‘ಇಂಬಿನ ಕೆರಿ ಅಲ್ಲಪಾ, ತುಂಬಿದ ಕೆರಿ,’ ಎಂದರು. ‘ಆವತ್ತ ಕೆರಿ ತುಂಬಿತ್ತು. ನಾ ನೋಡೇನಲ್ಲ.’

ಎಂಬತ್ತು ದಾಟಿದವರಿಗೆ ನಿನ್ನೆಯದು ನೆನಪಿರುವುದಿಲ್ಲವೆಂದು ನಿಮಗೆ ಬರೆದವನು ನಾನು. ಕರಡನ್ನು ಮಡಿಚಿಟ್ಟು ಹಳೆಯ ಮುದ್ರಣವನ್ನೇ ಪ್ರೆಸ್ಸಿಗೆ ಕಳಿಸಿದೆ.

ಹೊಲಿಯುವುದಿದ್ದರೆ ಹೊಲಿಯಿರಿ.

ಮಡಿವಾಳಪ್ಪ

*

ಹಳೇ ಹುಬ್ಬಳ್ಳಿ
ತಾ. 29 ಏಪ್ರಿಲ 1938

ಪಂಡಿತರಿಗೆ,

ಹಾಳೆಗಳು ಮುಟ್ಟಿದವು. ಹನ್ನೊಂದನ್ನೂ ಬೆರಳಿಟ್ಟು ನೋಡಿದೆ, ಅಕ್ಷರಗಳು ಸ್ವಸ್ಥಾನದಲ್ಲಿವೆ. ಹೊಸ ವಾಕ್ಯವನ್ನೂ ಐನೂರು ಸಲ ಮಡಿಚಿದೆ. ಅಬ್ಬಾನ ಗೋರಿಗೆ ಹೋಗಿ ಒಮ್ಮೆ ಗಟ್ಟಿಯಾಗಿ ಓದಿ ಬಂದೆ. ಉಪಕಾರವೆಂದು ಮಾತ್ರ ಬರೆಯಲಾರೆ. ನಾಲ್ಕು ತಿಂಗಳು ಮೊದಲು ಬಂದಿದ್ದರೆ ಅದನ್ನೂ ಬರೆಯುತ್ತಿದ್ದೆ.

ಐನೂರೂ ಪ್ರತಿ ಹೊಲಿದು, ರಟ್ಟು ಕಟ್ಟಿ ಪ್ರೆಸ್ಸಿಗೆ ಕೊಟ್ಟಿದ್ದೇನೆ. ಒಂದನ್ನು ಮಾತ್ರ ಕೆಂಪು ಬಟ್ಟೆಯ ರಟ್ಟು ಹಾಕಿ ಬೇರೆ ಇಟ್ಟು, ಫಕೀರವ್ವನ ಕೈಯಲ್ಲಿ ಕಳಿಸಿದ್ದೇನೆ. ಅದು ನೀರಿಗೆ ಬಿಡಲು ಅಲ್ಲ, ದೇವಕ್ಕನವರಿಗೆ. ಅವಳಿಗೆ ಬಾಗಿಲು ತೆರೆಯಿರಿ.

ಅವರಿಗೆ ಓದಲು ಬರುವುದಿಲ್ಲ. ಓದಿ ಹೇಳಬೇಕಾದವರು ನೀವೇ. ದಿನಾ ಮಧ್ಯಾಹ್ನ, ಆರನೆಯ ಸಂಧಿ. ಮೊದಲ ಅಕ್ಷರ ನುಂಗದೆ ಓದಿ, ಅವರು ಕೇಳುತ್ತಿರುತ್ತಾರೆ.

ಗುಲಾಬಸಾಬರ ಮಗಳು
ಸಿತಾರಾ